ಕೋರ್‌ಗಳಿಗಿಂತ ಮೊದಲೇ ಬಂದ ವರ್ಕರ್‌ಗಳು

ಎಂಟು ಕೋರ್‌ಗಳ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ಸರ್ವರ್‌ನಲ್ಲಿ ಒಂದು ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಪ್ರೋಗ್ರಾಮನ್ನು ಸುಮ್ಮನೆ ಓಡಿಸಿ, ಲೋಡ್ ಏರಿಸಿ ನೋಡಿ. ಒಂದು ಕೋರ್ ಏದುಸಿರು ಬಿಡುತ್ತಿರುತ್ತದೆ. ಉಳಿದ ಏಳು ಹೆಚ್ಚುಕಡಿಮೆ ಖಾಲಿ ಕುಳಿತಿರುತ್ತವೆ. ವರ್ಕರ್ ಪ್ರೋಸೆಸ್‌ಗಳನ್ನು, ಅಂದರೆ ಕೋರಿಕೆಗಳನ್ನು ಹಂಚಿಕೊಂಡು ನಿಭಾಯಿಸುವ ಅದೇ ಪ್ರೋಗ್ರಾಂನ ಪ್ರತಿಗಳನ್ನು, ಹೆಚ್ಚಿಸಿ ಎಂಬುದು ಇದಕ್ಕೆ ಎಲ್ಲರೂ ಹೇಳುವ ಮದ್ದು. ಆದರೆ ಆ ಮದ್ದು ಹುಟ್ಟಿದ್ದು ಬೇರೆಯೇ ರೋಗಕ್ಕೆ.

ಆರಂಭದ ವೆಬ್ ಸರ್ವರ್‌ಗಳು ಕೋರಿಕೆ ಬಂದಾಗಲೆಲ್ಲ ಯುನಿಕ್ಸ್‌ನ ಫೋರ್ಕ್ ಬಳಸಿ ಹೊಸ ಪ್ರೋಸೆಸ್ ಹುಟ್ಟಿಸುತ್ತಿದ್ದವು. ಅದು ದುಬಾರಿ. ಹೀಗಾಗಿ ಕೆಲವನ್ನು ಮುಂಚೆಯೇ ಸಿದ್ಧವಾಗಿಡುವ ಪದ್ಧತಿ ಬಂತು. 1995ರಲ್ಲಿ ಬಂದ ಅಪಾಚೆ ವೆಬ್ ಸರ್ವರ್ ಅದನ್ನು ಎಲ್ಲೆಡೆ ಹರಡಿತು. ಒಂದು ಪ್ರೋಸೆಸ್ ಕುಸಿದರೂ ಉಳಿದವಕ್ಕೆ ಧಕ್ಕೆಯಿಲ್ಲ. ಇದು ಆಗಿನ ಲಾಭ. ಕೋರ್‌ಗಳ ಮಾತೇ ಇರಲಿಲ್ಲ.

2004ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ಇಗೋರ್ ಸಿಸೋಯೆವ್ ಎಂಜಿನ್‌ಎಕ್ಸ್ ವೆಬ್ ಸರ್ವರ್ ಬಿಡುಗಡೆ ಮಾಡಿದರು: ಕೆಲವೇ ವರ್ಕರ್‌ಗಳು, ಒಂದೊಂದಕ್ಕೂ ಸಾವಿರಾರು ಸಂಪರ್ಕಗಳು. ಅದೇ ವರ್ಷ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆ ಕೈಬಿಟ್ಟಿತು. ವೇಗ ಏರಿಸುವ ದಾರಿಗೆ ಶಾಖ ಅಡ್ಡಬಂದಿದ್ದರಿಂದ ಚಿಪ್ ತಯಾರಕರು ಕೋರ್‌ಗಳನ್ನು ಹೆಚ್ಚಿಸತೊಡಗಿದರು. ಕೋರ್‌ಗೊಂದು ವರ್ಕರ್ ಎಂಬ ಲೆಕ್ಕ ತಾನಾಗಿಯೇ ಕುದುರಿತು.

2009ರಲ್ಲಿ ಬಂದ ನೋಡ್ ಜಾವಾಸ್ಕ್ರಿಪ್ಟನ್ನು ಒಂದೇ ಥ್ರೆಡ್‌ನಲ್ಲಿ (ಒಮ್ಮೆಗೆ ಒಂದೇ ಕೋರ್ ಬಳಸಬಲ್ಲ ಕೆಲಸದ ಎಳೆಯಲ್ಲಿ) ಓಡಿಸುತ್ತಿತ್ತು. 2011ರ 0.6 ಆವೃತ್ತಿ ಹಲವು ವರ್ಕರ್‌ಗಳನ್ನು ಓಡಿಸುವ ಕ್ಲಸ್ಟರ್ ಮಾಡ್ಯೂಲ್ ತಂದಿತಾದರೂ ಯಾವ ಸಂಪರ್ಕ ಯಾರಿಗೆ ಎಂಬ ಹಂಚಿಕೆಯನ್ನು ಆಪರೇಟಿಂಗ್ ಸಿಸ್ಟಂಗೇ ಬಿಟ್ಟಿತು. ನ್ಯಾಯವಾಗಿ ಹಂಚುವುದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಚಿಂತೆಯಲ್ಲ: ಎಂಟರಲ್ಲಿ ಎರಡೇ ವರ್ಕರ್‌ಗಳಿಗೆ ಶೇ 70ಕ್ಕಿಂತ ಹೆಚ್ಚು ಸಂಪರ್ಕಗಳು ಹೋದದ್ದನ್ನು ನೋಡ್‌ನ ಕೈಪಿಡಿಯೇ ದಾಖಲಿಸಿದೆ. ಕೊನೆಗೆ 0.12 ಆವೃತ್ತಿಯಲ್ಲಿ ಮುಖ್ಯ ಪ್ರೋಸೆಸ್ಸೇ ಸರದಿಯಂತೆ ಹಂಚತೊಡಗಿತು. ಪೈಥಾನ್ ಭಾಷೆಯಲ್ಲಿ, ಒಂದು ಪ್ರೋಸೆಸ್‌ನೊಳಗೆ ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಜಾಗತಿಕ ಲಾಕ್‌ನ ಕಾಟ; ಹಾಗಾಗಿ ಅಲ್ಲೂ ವರ್ಕರ್‌ಗಳೇ ದಾರಿ. ಪೈಥಾನ್‌ನ ವೆಬ್ ಸರ್ವರ್ ಗ್ಯೂನಿಕಾರ್ನ್ ವರ್ಕರ್‌ಗಳ ಸಂಖ್ಯೆಗೆ ಸೂಚಿಸುವ ಸೂತ್ರ, ಕೋರ್‌ಗಳ ಎರಡರಷ್ಟಕ್ಕೆ ಒಂದು ಕೂಡಿಸಿ.

ಬೆಲೆ ಮಾತ್ರ ತೆರಲೇಬೇಕು. ವರ್ಕರ್‌ಗಳಿಗೆ ಹಂಚಿಕೊಂಡ ಸ್ಮೃತಿಯಿಲ್ಲ. ಲಾಗಿನ್ ವಿವರವನ್ನು ಒಂದು ವರ್ಕರ್ ತನ್ನ ಮೆಮೊರಿಯಲ್ಲಿಟ್ಟುಕೊಂಡರೆ, ಮುಂದಿನ ಕೋರಿಕೆ ಪಡೆದ ಇನ್ನೊಂದು ಅದೇ ಬಳಕೆದಾರರನ್ನು ನೀವು ಯಾರು ಎನ್ನುತ್ತದೆ. ಹೀಗಾಗಿ ಸೆಷನ್‌ಗಳು (ಇಂಥ ಲಾಗಿನ್ ವಿವರಗಳು) ಎಲ್ಲ ವರ್ಕರ್‌ಗಳಿಗೂ ಎಟುಕುವ ರೆಡಿಸ್ ಎಂಬ ದತ್ತಾಂಶ ಸಂಗ್ರಹಕ್ಕೋ ಡೇಟಾಬೇಸ್‌ಗೋ ಸ್ಥಳಾಂತರಗೊಳ್ಳುತ್ತವೆ. ಅಲ್ಲಿ ಮತ್ತೊಂದು ತಾಪತ್ರಯ: ಎಂಟು ವರ್ಕರ್‌ಗಳು ತಲಾ 10 ಸಂಪರ್ಕ ಹಿಡಿದರೆ 80, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸಹಜ ಮಿತಿ 100. ಇಂಥದೇ ಎರಡನೆಯ ಸರ್ವರ್ ಸೇರಿಸಿದ ಕೂಡಲೇ ಡೇಟಾಬೇಸ್ ಬಾಗಿಲು ಮುಚ್ಚುತ್ತದೆ.

ಒಂದೇ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಮಿತಿ ಹಾಕಿ ಓಡಿಸುವ ಕಂಟೇನರ್‌ಗಳು ಬಂದ ಮೇಲೆ ಕೋರ್ ಎಣಿಸುವುದೂ ಕಷ್ಟವಾಗಿದೆ. ಎರಡು ಕೋರ್‌ಗಳ ಮಿತಿಯಿರುವ ಕಂಟೇನರ್‌ನೊಳಗಿನ ಪ್ರೋಗ್ರಾಂ, 64 ಕೋರ್‌ಗಳ ಇಡೀ ಯಂತ್ರವನ್ನು ಎಣಿಸಿ 64 ವರ್ಕರ್‌ಗಳನ್ನು ಹುಟ್ಟಿಸಬಲ್ಲದು. ಹಾಗಾಗಿ ವರ್ಕರ್‌ಗಳ ಸಂಖ್ಯೆಯನ್ನು ಪ್ರೋಗ್ರಾಂನ ಊಹೆಗೆ ಬಿಡದೆ ಸಂರಚನೆಯಲ್ಲಿ ಕೈಯಾರೆ ಬರೆಯುವುದೇ ವಾಸಿ.