ಮನೆ ಬದಲಿಸಿದಿರಿ, ಬೆಕ್ಕು ಅಟ್ಟ ಹತ್ತಿತು

‘ಡಾಕ್ಟ್ರೇ, ಹೊಸ ಮನೆಗೆ ಬಂದು ಎರಡು ದಿನ ಆಯ್ತು. ಬೆಕ್ಕು ಅಟ್ಟದಿಂದ ಇಳೀತಾನೇ ಇಲ್ಲ.’

ಶಾಲೆ ಶುರುವಾಗುವ ಮುಂಚೆ ನನಗೆ ಇಂಥ ಫೋನ್ ಜಾಸ್ತಿ. ನಾನು ಮೊದಲು ಕೇಳುವುದು, ಅದು ಮಲಗುತ್ತಿದ್ದ ಹಳೇ ಚಾದರ ಎಲ್ಲಿ ಅಂತ. ‘ಹೊಸ ಮನೆಗೆ ಕೊಳಕು ಯಾಕೆ ಅಂತ ಒಗೆದುಬಿಟ್ಟೆವು’ ಅನ್ನುತ್ತಾರೆ.

ಎಡವಟ್ಟಾಗಿದ್ದು ಅಲ್ಲೇ. ಬೆಕ್ಕಿಗೆ ಮನೆ ಅಂದರೆ ಮೊದಲು ವಾಸನೆ. ಸೋಫಾಕ್ಕೆ, ಬಾಗಿಲಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅದು ಬರೀ ಮುದ್ದಲ್ಲ. ಕೆನ್ನೆ, ಗದ್ದದ ಗ್ರಂಥಿಗಳಿಂದ ‘ಇದು ನಂದು’ ಅಂತ ಗುರುತು ಹಚ್ಚುತ್ತಿರುತ್ತದೆ. ಹೊಸ ಮನೆಯಲ್ಲಿ ಇರುವುದು ಪೇಂಟು, ಫಿನಾಯಿಲು, ಹೋಮದ ಹೊಗೆ. ತನ್ನ ಗುರುತು ಒಂದೂ ಇಲ್ಲ. ಅದಕ್ಕೇ ಕೆಲವು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತವೆ, ಕೆಲವು ಅಟ್ಟ ಸೇರುತ್ತವೆ. ಅಂದ ಹಾಗೆ, ಬೆಕ್ಕಿರುವ ಮನೆಗೆ ಫೀನಾಲ್ ಇರುವ ಫಿನಾಯಿಲ್ ಬೇಡವೇ ಬೇಡ. ಪಾದಕ್ಕೆ ಅಂಟಿದ್ದನ್ನು ನೆಕ್ಕುತ್ತದೆ, ಅದರ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಕಡಿಮೆ.

‘ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸುತ್ತೆ, ಅದಕ್ಕೆ ಇದೆಲ್ಲ ಹೊಸದಾ?’ ಅಂತ ಒಬ್ಬ ಅಜ್ಜಿ ಕೇಳಿದ್ದರು. ಅಲ್ಲಿ ಜಾಗ ಹುಡುಕುವುದು ಬೆಕ್ಕೇ ಅಜ್ಜಿ, ಇಲ್ಲಿ ನಾವು ಅಂದೆ.

ಮೊದಲ ದಿನ ಇಡೀ ಮನೆ ತೋರಿಸಬೇಡಿ. ಒಂದೇ ರೂಮು ಕೊಡಿ. ಲಾರಿಯಿಂದ ಸಾಮಾನು ಇಳಿಸುವ ಮೊದಲೇ ಅಲ್ಲಿ ಬಿಟ್ಟು, ಬಾಗಿಲು ಹಾಕಿ, ‘ತೆಗೆಯಬೇಡಿ’ ಅಂತ ಚೀಟಿ ಅಂಟಿಸಿ. ಒಳಗೆ ಒಗೆಯದ ಚಾದರ, ಹಳೇ ತಟ್ಟೆ, ಮರಳಿನ ಟ್ರೇ, ಅದರಲ್ಲಿ ಒಂದು ಹಿಡಿ ಹಳೇ ಮರಳು. ಊಟ ಟ್ರೇಯಿಂದ ದೂರ ಇರಲಿ. ಅಡಗಲು ಒಂದು ರಟ್ಟಿನ ಡಬ್ಬ ಸಾಕು. ಅಡಗಿದ್ದನ್ನು ಎಳೆಯಬೇಡಿ. ನೀವೇ ಹೋಗಿ ನೆಲದ ಮೇಲೆ ಸುಮ್ನೆ ಪೇಪರ್ ಓದುತ್ತಾ ಕೂತಿರಿ. ತಾನಾಗೇ ಬಂದು ಅಲ್ಲಿನ ಬಾಗಿಲಿಗೆ ಕೆನ್ನೆ ಉಜ್ಜಿದ ದಿನ ಪಕ್ಕದ ರೂಮು ತೆರೆಯಿರಿ. ಕೆಲವಕ್ಕೆ ಎರಡು ದಿನ, ಕೆಲವಕ್ಕೆ ಎರಡು ವಾರ.

ಅಡಗುವುದಕ್ಕೆ ನಾನು ಹೆದರುವುದಿಲ್ಲ. ಊಟ ಬಿಡುವುದಕ್ಕೆ ಹೆದರುತ್ತೇನೆ. ನಾಯಿ ಒಂದೆರಡು ದಿನ ಉಪವಾಸ ತಡೆದುಕೊಂಡೀತು, ಬೆಕ್ಕಿನ ಲೆಕ್ಕ ಬೇರೆ. ಅದರಲ್ಲೂ ದಪ್ಪ ಬೆಕ್ಕು ತಿನ್ನದಿದ್ದರೆ ಮೈಯ ಕೊಬ್ಬು ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ, ಜೀವಕ್ಕೇ ಕುತ್ತು. 24 ಗಂಟೆ ಏನೂ ಮುಟ್ಟಲಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ. ಇನ್ನೊಂದು, ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ. ಮಲಬದ್ಧತೆ ಅಂದುಕೊಂಡು ಬೆಳಗಾಗಲಿ ಅಂತ ಕಾದವರನ್ನು ನೋಡಿದ್ದೇನೆ. ಒತ್ತಡದಿಂದ ಮೂತ್ರಕೋಶ ಕೆರಳಿ ದಾರಿ ಕಟ್ಟಿಕೊಂಡಿರಬಹುದು. ರಾತ್ರಿಯಾದರೂ ಸರಿ, ಆಗಲೇ ಕರೆದುಕೊಂಡು ಹೋಗಿ.

ಫ್ಲ್ಯಾಟ್ ಆದರೆ ಬೆಕ್ಕು ಬರುವ ಮೊದಲೇ ಬಾಲ್ಕನಿಗೆ ಬಲೆ ಹಾಕಿಸಿ. ಹೊರಗೆ ಓಡಾಡುವ ಬೆಕ್ಕನ್ನೂ ಮೂರ್ನಾಲ್ಕು ವಾರ ಒಳಗೇ ಇಡಿ. ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟ ಬೆಕ್ಕು ವಾಪಸ್ ಬಂದ ಕತೆ ಹಳ್ಳಿಗಳಲ್ಲಿ ಕೇಳಿಯೇ ಇರುತ್ತೀರಿ. ಹೊಸ ಮನೆ ನಾಲ್ಕು ಬೀದಿ ಆಚೆಯೇ ಇದ್ದರಂತೂ ಅದು ಹಳೇ ಮನೆ ಹುಡುಕಿಕೊಂಡು ಹೋದೀತು. ಅಲ್ಲಿನ ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಟ್ಟು ಹೇಳಿಡಿ: ಬಂದರೆ ಹಾಲು ಹಾಕಬೇಡಿ, ಫೋನ್ ಮಾಡಿ.