ತಳಕ್ಕೆ ಇಳಿದ ಮೇಲೆ ಜಿಪಿಎಸ್ ಸಿಗಲ್ಲ

ಸಮುದ್ರದ ತಳದ ಮ್ಯಾಪ್ ಮಾಡೋಕೆ ಹಡಗಿನ ಅಡಿಗೆ ಕೂರಿಸಿರೋ ಸೋನಾರ್ ಕೆಳಕ್ಕೆ ಸೌಂಡ್ ಬಿಡತ್ತೆ, ಅದು ಸಮುದ್ರದ ತಳಕ್ಕೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಆಳ ಲೆಕ್ಕ ಹಾಕ್ತಾರೆ, ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗೋದ್ರಿಂದ ಇದೇನೂ ಕಷ್ಟದ ಲೆಕ್ಕ ಅಲ್ಲ. ತೊಂದರೆ ಏನಂದ್ರೆ ಸೌಂಡಿನ ಕಿರಣ ಇಳೀತಾ ಇಳೀತಾ ಅಗಲ ಆಗತ್ತೆ. ಒಂದು ಡಿಗ್ರಿಯ ಕಿರಣ 4000 ಮೀಟರ್ ಆಳಕ್ಕೆ ಮುಟ್ಟೋ ಹೊತ್ತಿಗೆ 70 ಮೀಟರ್ ಅಗಲ ಆಗಿರತ್ತೆ, ಅಷ್ಟು ಜಾಗಕ್ಕೆಲ್ಲ ಸೇರಿ ಸಿಗೋದು ಒಂದೇ ಒಂದು ನಂಬರ್. ಅದರೊಳಗೆ ವಿಮಾನದ ಚೂರು ಬಿದ್ದಿದ್ರೂ ಗೊತ್ತಾಗಲ್ಲ.

ಹಾಗಾಗಿ ಸೋನಾರನ್ನೇ ಕೆಳಗೆ ಕಳಿಸ್ತಾರೆ. ಎಯುವಿ ಅಂದ್ರೆ ಕೇಬಲ್ ಇಲ್ಲದೆ, ಯಾರೂ ಓಡಿಸದೆ, ಮೊದ್ಲೇ ಹಾಕಿಕೊಟ್ಟ ದಾರೀಲಿ ತಾನೇ ಹೋಗೋ ಬ್ಯಾಟರಿ ಮಷಿನ್. ತಳದಿಂದ 80 ಮೀಟರ್ ಮೇಲೆ ಹೋಗ್ತಿದ್ರೆ ಅದೇ ಒಂದು ಡಿಗ್ರಿ ಕಿರಣ ಒಂದೂವರೆ ಮೀಟರ್ ಜಾಗ ಮಾತ್ರ ಮುಟ್ಟತ್ತೆ.

ಅಸಲಿ ತಲೆನೋವು ಇಲ್ಲಿಂದ ಶುರು. ರೇಡಿಯೋ ಅಲೆಗಳನ್ನ ಉಪ್ಪುನೀರು ನುಂಗಿಬಿಡತ್ತೆ, ಜಿಪಿಎಸ್ ಸಿಗಲ್ಲ. ಮುಳುಗೋ ಮುಂಚೆ ಮೇಲೆ ಎಲ್ಲಿದ್ದೆ ಅಂತ ನೋಡ್ಕೊಂಡು, ಆಮೇಲೆ ಯಾವ ಕಡೆಗೆ ಎಷ್ಟು ಸ್ಪೀಡಲ್ಲಿ ಎಷ್ಟು ಹೊತ್ತು ಹೋದೆ ಅಂತ ತಾನೇ ಲೆಕ್ಕ ಇಟ್ಕೋಬೇಕು, ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸ್ತಾ ನಡೆದ ಹಾಗೆ. ಸ್ಪೀಡ್ ಅಳೆಯೋಕೆ ಡಾಪ್ಲರ್ ಉಪಕರಣ ಇರತ್ತೆ, ಅದು ತಳಕ್ಕೆ ಸೌಂಡ್ ಬಿಟ್ಟು ನೋಡತ್ತೆ, ಆದ್ರೆ ಮಾಮೂಲಿ ಮಾಡೆಲ್‌ಗಳಿಗೆ ತಳ ಸಿಗ್ಬೇಕಂದ್ರೆ ಇನ್ನೂರು ಮೀಟರ್ ಆಸುಪಾಸಿಗೆ ಬಂದಿರ್ಬೇಕು. ಅಲ್ಲೀವರೆಗೆ ಗಂಟೆಗಟ್ಟಲೆ ಇಳೀತಿರೋವಾಗ ಪ್ರವಾಹ ಅದನ್ನ ಎಷ್ಟು ದೂರ ಎಳ್ಕೊಂಡು ಹೋಯ್ತು ಅನ್ನೋದು ಅದಕ್ಕೇ ಗೊತ್ತಿರಲ್ಲ! ಅದಕ್ಕೆ ಮೇಲಿನ ಹಡಗು ಸೌಂಡಲ್ಲೇ ಅದರ ಜಾಗ ಹುಡುಕಿ ಹೇಳತ್ತೆ. ಅದ್ರಲ್ಲೂ ಒಂದು ತರಲೆ ಇದೆ, ನೀರಿನ ಬಿಸಿ, ಉಪ್ಪು, ಒತ್ತಡ ಬದಲಾದ ಹಾಗೆ ಶಬ್ದದ ವೇಗ ಬದಲಾಗಿ ದಾರೀನೇ ಬಾಗತ್ತೆ, ಅದನ್ನೂ ಅಳೆದು ಸರಿ ಮಾಡ್ಬೇಕು. ನಂಗೆ ತುಂಬಾ ಇಷ್ಟ ಆಗೋ ಉಪಾಯ ಇನ್ನೊಂದು: ಒಂದ್ಸಲ ಹೋದ ದಾರೀನ ಮತ್ತೆ ಅಡ್ಡಡ್ಡ ದಾಟಿಸ್ತಾರೆ, ಅದೇ ಗುಡ್ಡ ಎರಡು ಸಲ ಬೇರೆ ಬೇರೆ ಜಾಗದಲ್ಲಿ ಕಂಡ್ರೆ ಅಷ್ಟು ತಪ್ಪಾಗಿದೆ ಅಂತ ಅರ್ಥ. ಅಂದ್ರೆ ಇನ್ನೂ ಅರ್ಧಂಬರ್ಧ ಆಗಿರೋ ಮ್ಯಾಪೇ ಮಷಿನ್‌ಗೆ ದಾರಿ ತೋರಿಸತ್ತೆ.

ಹಳೇ ಮ್ಯಾಪ್ ನಂಬಿ ಇಳಿಸೋದೂ ರಿಸ್ಕೇ. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನ ಹುಡುಕೋಕೆ ಬ್ಲೂಫಿನ್-21 ಅನ್ನೋ ಎಯುವಿ ಇಳಿಸಿದಾಗ ಮೊದಲ ಸಲಾನೇ ಆಳ ಅದರ 4500 ಮೀಟರ್ ಲಿಮಿಟ್ ದಾಟಿ, ಅದು ತಾನಾಗೇ ಮೇಲೆ ಬಂದುಬಿಡ್ತು. ಎಲ್ಲವೂ ಹಾಗೆ ವಾಪಸ್ ಬರಲ್ಲ, ಅಮೆರಿಕದ ವುಡ್ಸ್ ಹೋಲ್ ಸಮುದ್ರ ಸಂಶೋಧನಾ ಸಂಸ್ಥೆಯ ಎಬಿಇ ಅನ್ನೋ ಎಯುವಿ 2010ರಲ್ಲಿ ಚಿಲಿ ಹತ್ರ 222ನೇ ಡೈವ್‌ನಲ್ಲಿ ಕಳೆದೇ ಹೋಯ್ತು.

ಹಾಗಂತ ಇಡೀ ಸಮುದ್ರಾನ ಇದ್ರಲ್ಲೇ ಮುಗಿಸ್ತೀವಿ ಅಂದ್ರೆ ಆಗಲ್ಲ. ಗಂಟೆಗೆ ಐದು ಕಿಲೋಮೀಟರ್ ಸ್ಪೀಡು, ಸಾಲಾಗಿ ಬಿಡೋ ಕಿರಣಗಳೆಲ್ಲ ಸೇರಿ 200 ಮೀಟರ್ ಅಗಲದ ಪಟ್ಟಿ, ದಿನಕ್ಕೆ 20 ಗಂಟೆ ಅಂದ್ಕೊಂಡ್ರೂ ಸಿಗೋದು 20 ಚದರ ಕಿಲೋಮೀಟರ್. ಸಮುದ್ರ ಇರೋದು 36 ಕೋಟಿ ಚದರ ಕಿಲೋಮೀಟರ್, ಒಂದೇ ಮಷಿನ್‌ಗೆ ಹತ್ತತ್ರ 50 ಸಾವಿರ ವರ್ಷ ಬೇಕು. 2017ರಲ್ಲಿ ಶುರುವಾದ ಸೀಬೆಡ್ 2030 ಅನ್ನೋ, ಇಡೀ ಸಮುದ್ರ ತಳದ ಮ್ಯಾಪ್ ಮಾಡೋ ಯೋಜನೆಯವರು 2025ರ ಹೊತ್ತಿಗೆ ಶೇ. 27 ಚಿಲ್ಲರೆ ಮುಗಿಸಿದ್ರು, ಅದ್ರಲ್ಲಿ ಬಹುಪಾಲು ಹಡಗಿನ ಸೋನಾರ್‌ದೇ ಕೆಲಸ. ಅದು ಒರಟು ಚಿತ್ರ ಕೊಡತ್ತೆ, ಅದ್ರಲ್ಲಿ ಯಾವ ಗುಡ್ಡ, ಯಾವ ಬಿರುಕು ನೋಡೋಕೆ ಲಾಯಕ್ಕು ಅನ್ನಿಸತ್ತೋ ಅಲ್ಲಿಗೆ ಮಾತ್ರ ಎಯುವಿ ಇಳೀತದೆ.