ಅಂಗೈ ಗೆರೆಯಲ್ಲಿ ಸ್ವಭಾವ ಕಾಣುತ್ತಾ?

ಎರಡೂ ಅಂಗೈಗಳನ್ನು ಪಕ್ಕಪಕ್ಕ ಜೋಡಿಸಿ ನೋಡಿ. ಕಿರುಬೆರಳಿನ ಕೆಳಗಿನಿಂದ ಹೊರಡುವ ಗೆರೆಗಳು ಕೂಡಿ ಅರ್ಧಚಂದ್ರ ಆಯಿತಾ? ಹಾಗಾದರೆ ಚೆಂದದ ಗಂಡ ಸಿಗುತ್ತಾನೆ ಅಂತ ಹುಡುಗಿಯರು ಕೈ ಕೈ ನೋಡಿಕೊಂಡು ನಗುತ್ತಿದ್ದರು. ಈಗ ಅದೇ ಅರ್ಧಚಂದ್ರ ವಾಟ್ಸಾಪಿನಲ್ಲಿ ಮನಶ್ಶಾಸ್ತ್ರದ ವೇಷ ಹಾಕಿಕೊಂಡು ಓಡಾಡುತ್ತಿದೆ. ಗೆರೆ ಕೂಡಿದರೆ ನೀವು ಹಠವಾದಿ, ಒಂದು ಕಡೆ ಮೇಲಿದ್ದರೆ ಸಾಹಸಿ, ಇನ್ನೊಂದು ಕಡೆ ಮೇಲಿದ್ದರೆ ಹೊಂದಿಕೊಂಡು ಹೋಗುವವರು! ಗಂಡ ಹೋಗಿ ಗುಣ ಬಂತು, ಅಷ್ಟೇ.

ಈ ಗೆರೆಗಳಿಗೆ ಒಂದು ನಿಜವಾದ ಕೆಲಸ ಇದೆ. ಹೆಬ್ಬೆರಳನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ತನ್ನಿ. ಅಂಗೈ ಎಲ್ಲಿ ಮಡಿಚಿತು? ಸರಿಯಾಗಿ ಜೀವನ ರೇಖೆಯ ಮೇಲೆ. ಈಗ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಬುಡದಲ್ಲಿ ಬಗ್ಗಿಸಿ. ಹೃದಯ ರೇಖೆ, ಬುದ್ಧಿ ರೇಖೆ ಅನ್ನುವ ಎರಡೂ ಗೆರೆಗಳು ಆಳವಾಗುತ್ತವೆ. ಅಂಗೈಯ ಚರ್ಮದ ಕೆಳಗೆ ಕೊಬ್ಬಿನ ಮೆತ್ತೆ ಇದೆ. ಗೆರೆ ಇರುವ ಕಡೆ ಮಾತ್ರ ಚರ್ಮ ಕೆಳಗಿನ ಗಟ್ಟಿ ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಹತ್ತಿ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದ ಹಾಗೆ. ಇಲ್ಲದಿದ್ದರೆ ಮುಷ್ಟಿ ಹಿಡಿದಾಗಲೆಲ್ಲ ಚರ್ಮ ಮುದ್ದೆಯಾಗಿ, ಹಿಡಿದ ವಸ್ತು ಜಾರುತ್ತಿತ್ತು.

ಗೆರೆ ಮೂಡುವುದು ತಾಯಿಯ ಹೊಟ್ಟೆಯಲ್ಲೇ. ಗರ್ಭದ ಏಳೆಂಟನೇ ವಾರಕ್ಕೆ ಹೆಬ್ಬೆರಳಿನ ಸುತ್ತಲಿನ ಗೆರೆ ಶುರುವಾಗುತ್ತದೆ. ಹದಿಮೂರು ಹದಿನಾಲ್ಕನೇ ವಾರದ ಹೊತ್ತಿಗೆ ಮೂರೂ ದೊಡ್ಡ ಗೆರೆಗಳು ಬಂದಿರುತ್ತವೆ. ಗೆರೆಯ ಜಾಗ ನಿಗದಿಯಾಗುವಾಗ ಕೂಸು ಇನ್ನೂ ಮುಷ್ಟಿ ಹಿಡಿಯಲು ಕಲಿತೇ ಇರುವುದಿಲ್ಲ. ವಂಶವಾಹಿಗಳು, ಆಗಿನ ಕೈಯ ಆಕಾರ, ಮೂಳೆ ಮಾಂಸ ಬೆಳೆಯುವ ವೇಗ ಎಲ್ಲ ಸೇರಿ ಅದನ್ನು ತೀರ್ಮಾನ ಮಾಡುತ್ತವೆ. ಹಾಗಾಗಿ ಒಬ್ಬರದೇ ಎಡಗೈ ಬಲಗೈ ಒಂದೇ ಥರ ಇರುವುದಿಲ್ಲ, ತದ್ರೂಪಿ ಅವಳಿಗಳ ಕೈಗಳೂ ಪೂರ್ತಿ ಹೊಂದುವುದಿಲ್ಲ.

ಗರ್ಭದ ಈ ಹಂತದಲ್ಲಿ ಏನಾದರೂ ಏರುಪೇರಾದರೆ ಅದು ಅಂಗೈಯಲ್ಲಿ ಉಳಿಯಬಹುದು. ವಿಜ್ಞಾನ ಗೆರೆಗಳನ್ನು ಗಂಭೀರವಾಗಿ ನೋಡಿದ್ದು ಇಲ್ಲಿ. ಕೆಲವರಿಗೆ ಮೇಲಿನ ಎರಡು ಗೆರೆ ಸೇರಿ ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಇರುತ್ತದೆ. ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಡೌನ್ ಸಿಂಡ್ರೋಮನ್ನು, ಅಂದರೆ ಒಂದು ಕ್ರೋಮೋಸೋಮ್ ಹೆಚ್ಚಾಗಿ ಹುಟ್ಟುವ ಮಕ್ಕಳ ಸ್ಥಿತಿಯನ್ನು, ವಿವರಿಸಿದ ಇಂಗ್ಲಿಷ್ ವೈದ್ಯ. ಆ ಮಕ್ಕಳ ಕೈಯಲ್ಲಿ ಈ ಒಂಟಿ ಗೆರೆ ಜಾಸ್ತಿ ಕಾಣುತ್ತದೆ ಅಂತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಮನಿಸಿದ್ದು ಅವರ ಮಗ ರೆಜಿನಾಲ್ಡ್. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಇರುತ್ತದೆ.

ಇದನ್ನು ಓದಿ ಯಾರಾದರೂ ಮಗುವಿನ ಕೈ ಬಿಡಿಸಿ ನೋಡಿ ಗಾಬರಿಯಾದರೆ? ಲೆಕ್ಕ ಹಾಕಿ ನೋಡೋಣ. ಬೇರೆ ಜನರಲ್ಲೂ ನೂರಕ್ಕೆ ಮೂರು ನಾಲ್ಕು ಮಂದಿಗೆ ಒಂದು ಕೈಯಲ್ಲಾದರೂ ಒಂಟಿ ಗೆರೆ ಇರುತ್ತದೆ. ಎಂಟುನೂರು ಹೆರಿಗೆಗೆ ಒಂದು ಡೌನ್ ಸಿಂಡ್ರೋಮ್ ಅಂತ ಇಟ್ಟುಕೊಂಡರೆ, 1 ಲಕ್ಷ ಮಕ್ಕಳಲ್ಲಿ ಅಂಥವರು 125. ಅವರಲ್ಲಿ ಒಂಟಿ ಗೆರೆ ಇರುವವರು ಅರವತ್ತರ ಆಸುಪಾಸು. ಯಾವ ತೊಂದರೆಯೂ ಇಲ್ಲದೆ ಒಂಟಿ ಗೆರೆ ಇರುವ ಮಕ್ಕಳು ಮೂರ್ನಾಲ್ಕು ಸಾವಿರ! ಅದಕ್ಕೇ ವೈದ್ಯರು ಬರೀ ಗೆರೆ ನೋಡಿ ಏನನ್ನೂ ಹೇಳುವುದಿಲ್ಲ. ಬೇರೆ ಲಕ್ಷಣಗಳೂ ಇದ್ದರೆ ಮಾತ್ರ ಕ್ರೋಮೋಸೋಮ್ ಪರೀಕ್ಷೆಗೆ ಬರೆದುಕೊಡುತ್ತಾರೆ. ಅತ್ತ ಕೈ ನೋಡುವವರು ಇದೇ ಗೆರೆಯವರನ್ನು ಹಠಮಾರಿ, ಹಿಡಿದಿದ್ದು ಬಿಡದವರು ಅನ್ನುತ್ತಾರೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಮನಸ್ಸಿನ ಕಾಯಿಲೆಗಳ ವಿಷಯದಲ್ಲೂ ಹುಡುಕಾಟ ನಡೆದಿದೆ. ಭ್ರೂಣದ ಒಂದೇ ಹೊರಪದರದಿಂದ ಮಿದುಳೂ ಚರ್ಮದ ಮೇಲ್ಪದರವೂ ಬೆಳೆಯುತ್ತವೆ. ಆದ್ದರಿಂದ ಸ್ಕಿಜೋಫ್ರೇನಿಯಾ ಇರುವವರ ಅಂಗೈ, ಬೆರಳಿನ ಗುರುತುಗಳನ್ನು ಅಳೆದು ನೋಡಿದ್ದಾರೆ. ಗುಂಪಿಗೂ ಗುಂಪಿಗೂ ಸಣ್ಣ ಸಣ್ಣ ವ್ಯತ್ಯಾಸ ಸಿಕ್ಕಿವೆ, ಅದೂ ಹೆಚ್ಚಾಗಿ ಮಡಿಕೆಗಳಲ್ಲಲ್ಲ, ಬೆರಳಚ್ಚಿನಂಥ ಸಣ್ಣ ಏಣುಗಳಲ್ಲಿ. ಒಬ್ಬ ವ್ಯಕ್ತಿಯ ಕೈ ಹಿಡಿದು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ನಾಚಿಕೆ, ಸಿಟ್ಟು, ಉದಾರತೆ ಇವಂತೂ ದೂರದ ಮಾತು.

ಆಯುಸ್ಸು? ಅದನ್ನೂ ಅಳೆದಿದ್ದಾರೆ. 1974ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 51 ಶವಗಳ ಕೈ ನೋಡಿದ ವರದಿ ಬಂತು. ಜೀವನ ರೇಖೆಗೂ ವಯಸ್ಸಿಗೂ ನಂಟು ಕಾಣಲಿಲ್ಲ. 1990ರಲ್ಲಿ ಬ್ರಿಟನ್ನಿನ ವೈದ್ಯರು 100 ಶವಗಳನ್ನು ನೋಡಿ, ನಂಟು ಇದೆ ಅಂದರು. ಕೈ ನೋಡುವವರಿಗೆ ಹಬ್ಬ! ಆದರೆ ವಯಸ್ಸಾದಂತೆ ಚರ್ಮ ಸಡಿಲವಾಗಿ ಸುಕ್ಕು ಹೆಚ್ಚಾಗುತ್ತದೆ, ಗೆರೆಗಳೂ ಆಳವಾಗಿ ಉದ್ದವಾಗಿ ಕಾಣುತ್ತವೆ. ಎಂಬತ್ತು ವರ್ಷ ಬದುಕಿದ್ದಕ್ಕೆ ಗೆರೆ ಉದ್ದವಾಯಿತೋ, ಗೆರೆ ಉದ್ದ ಇದ್ದದ್ದಕ್ಕೆ ಎಂಬತ್ತು ಬದುಕಿದರೋ? ಸತ್ತ ಮೇಲೆ ಅಳೆದರೆ ಇದು ಗೊತ್ತಾಗುವುದಿಲ್ಲ.

ಇನ್ನೊಂದು ತಮಾಷೆ ಇದೆ. ಯಾವ ಗೆರೆ ಆಯುಸ್ಸಿನದು ಅನ್ನುವುದರಲ್ಲೇ ಒಮ್ಮತ ಇಲ್ಲ. ಯುರೋಪಿನವರು ಹೃದಯ ರೇಖೆ ಅನ್ನುವುದನ್ನು ನಮ್ಮ ಸಾಮುದ್ರಿಕದಲ್ಲಿ ಆಯುಷ್ಯ ರೇಖೆ ಅನ್ನುತ್ತಾರೆ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಹೀಗಿದೆ: ಗೆರೆ ತೋರುಬೆರಳಿನವರೆಗೆ ಹೋದರೆ ನೂರು ವರ್ಷ, ಗೆರೆ ತುಂಡಾಗಿದ್ದರೆ ಮರದಿಂದ ಬೀಳುತ್ತಾರೆ. ಗೆರೆ ವಿಪರೀತ ಇದ್ದರೂ ಬಡತನ, ಇಲ್ಲದಿದ್ದರೂ ಬಡತನ. ಪಾಪ, ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಒಂದೇ ಗೆರೆ ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ವಯಸ್ಸು. ಆದರೂ ಎರಡೂ ಕಡೆ ಜನ "ಕರೆಕ್ಟಾಗಿ ಹೇಳಿದರು" ಅನ್ನುತ್ತಾರೆ. ನನ್ನ ಪ್ರಕಾರ ಗೆರೆಗಿಂತ ಕುತೂಹಲದ ವಿಷಯ ಇದೇ.

ರೇ ಹೈಮನ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞರು. ಹದಿಹರೆಯದಲ್ಲಿ ಕೈಖರ್ಚಿಗೆ ಅಂತ ಕೈ ನೋಡಲು ಶುರು ಮಾಡಿದರು. ಮೊದಲು ಅವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಕೇಳಿದವರೆಲ್ಲ ಬೆರಗಾಗಿ ಹೌದು ಹೌದು ಅನ್ನುತ್ತಿದ್ದರು. ಕ್ರಮೇಣ ಹೈಮನ್ನರೂ ಪೂರ್ತಿ ನಂಬಿಬಿಟ್ಟರು. ಆಗ ಸ್ಟ್ಯಾನ್ಲಿ ಜಾಕ್ಸ್ ಎಂಬ ಹಿರಿಯ ಜಾದೂಗಾರರು ಒಂದು ಸಲಹೆ ಕೊಟ್ಟರು. ಗೆರೆ ಏನು ಹೇಳುತ್ತದೋ ಬೇಕೆಂದೇ ಅದರ ಉಲ್ಟಾ ಹೇಳಿ ನೋಡು ಅಂದರು. ಹೈಮನ್ ಹಾಗೇ ಮಾಡಿದರು. ಉಲ್ಟಾ ಹೇಳಿದ್ದಕ್ಕೂ ಜನ ಅಷ್ಟೇ ಖುಷಿಯಿಂದ ತಲೆ ಆಡಿಸಿದರು. ಮನುಷ್ಯರು ಯಾಕೆ ಹೀಗೆ ನಂಬುತ್ತಾರೆ ಅನ್ನುವುದನ್ನು ಹೈಮನ್ ಮುಂದೆ ಜೀವಮಾನವಿಡೀ ಅಧ್ಯಯನ ಮಾಡಿದರು.

1948ರಲ್ಲಿ ಬರ್ಟ್ರಂ ಫೋರರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಇದನ್ನು ಕ್ಲಾಸಿನಲ್ಲೇ ತೋರಿಸಿದರು. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ 'ನಿಮ್ಮ ಫಲಿತಾಂಶ' ಅಂತ ಒಂದು ಹಾಳೆ ಹಂಚಿದರು. ಎಷ್ಟು ಸರಿಯಿದೆ ಅಂತ 5ಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ! ಬಹಳಷ್ಟನ್ನು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು.

ನಮ್ಮೂರ ಕಡೆ ಕೈ ನೋಡುವವರ ಮಾತುಗಳನ್ನೇ ತೆಗೆದುಕೊಳ್ಳಿ. "ಬಾಯಿ ಸ್ವಲ್ಪ ಜೋರು, ಮನಸ್ಸು ಹಾಲಿನಂಥದ್ದು." "ಎಷ್ಟು ದುಡಿದರೂ ಕೈಯಲ್ಲಿ ನಿಲ್ಲಲ್ಲ." "ಯಾರಿಗೆ ಉಪಕಾರ ಮಾಡಿದರೂ ಅವರಿಂದಲೇ ಅಪಕಾರ." "ಇಷ್ಟು ಹೊತ್ತಿಗೆ ನೀವು ಇನ್ನೂ ಮೇಲೆ ಇರಬೇಕಿತ್ತು." ಇದರಲ್ಲಿ ಯಾವುದಕ್ಕೆ ನೀವು ಇಲ್ಲ ಅನ್ನುತ್ತೀರಿ? ಅದರ ಮೇಲೆ ಉಟ್ಟ ಬಟ್ಟೆ, ಕೈಯ ಒರಟು, ಉಂಗುರ, ಕೇಳಿದ ಪ್ರಶ್ನೆ ಎಲ್ಲವೂ ಸುಳಿವು ಕೊಡುತ್ತವೆ. ಹೇಳುವವರೆಲ್ಲ ಮೋಸಗಾರರು ಅಂತಲ್ಲ. ಹೈಮನ್ನರ ಹಾಗೆ ಎಷ್ಟೋ ಮಂದಿ ಮನಸಾರೆ ನಂಬಿಯೇ ಹೇಳುತ್ತಿರುತ್ತಾರೆ.

ಹಳೇ ಕಾಲದ ಕೈ ನೋಡುವವರ ಬಗ್ಗೆ ನನಗೆ ಅಂಥ ತಕರಾರಿಲ್ಲ. ಸಿಟ್ಟು ಬರುವುದು ಡಿಎಂಐಟಿ ಅನ್ನುವ ಹೊಸ ಅಂಗಡಿ ಕಂಡರೆ. ಮಗುವಿನ ಹತ್ತೂ ಬೆರಳಿನ ಅಚ್ಚು ಸ್ಕ್ಯಾನ್ ಮಾಡಿ, ಯಾವ ಬುದ್ಧಿ ಎಷ್ಟು ಪರ್ಸೆಂಟ್, ಸೈನ್ಸ್ ಕೊಡಿಸಬೇಕೋ ಕಾಮರ್ಸೋ ಅಂತ ಬಣ್ಣದ ರಿಪೋರ್ಟ್ ಕೊಟ್ಟು ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಇವರು ಆಧಾರ ಅಂತ ತೋರಿಸುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬಗೆಯ ಬುದ್ಧಿಯ ಸಿದ್ಧಾಂತವನ್ನು. ಗಾರ್ಡ್ನರ್ ಅದರಲ್ಲಿ ಬೆರಳಚ್ಚಿನ ಮಾತೇ ಎತ್ತಿಲ್ಲ. ಎರಡನ್ನೂ ಗಂಟು ಹಾಕಿದ್ದು ಅಂಗಡಿಯವರು. ಬೆರಳಚ್ಚು ಹುಟ್ಟುವ ಮೊದಲೇ ಮುಗಿದುಹೋದ ವಿನ್ಯಾಸ. ಹತ್ತನೇ ಕ್ಲಾಸಿನ ಹುಡುಗಿ ಗಣಿತ ಕಲಿತದ್ದು ಅದರಲ್ಲಿ ಎಲ್ಲಿಂದ ಬರಬೇಕು?

ಅಂಗೈ ನೋಡಿ ಖಂಡಿತ ಏನೋ ಹೇಳಬಹುದಾದ ಒಂದು ಸಂದರ್ಭ ಇದೆ. ರಕ್ತಹೀನತೆ ತೀವ್ರವಾದಾಗ ಅಂಗೈ ಬಿಳುಚಿಕೊಳ್ಳುತ್ತದೆ, ಗೆರೆಗಳ ಒಳಗಿನ ಕೆಂಪು ಕೂಡ ಮಾಯವಾಗುತ್ತದೆ. ಲ್ಯಾಬ್ ಹತ್ತಿರ ಇಲ್ಲದ ಕಡೆ ಚಿಕ್ಕ ಮಕ್ಕಳನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಟ್ಟಿರುವ ವಿಧಾನ ಇದೇ. ಮಗುವಿನ ಅಂಗೈಯನ್ನು ಪಕ್ಕದಿಂದ ಮೆಲ್ಲಗೆ ಹಿಡಿದು ಬಿಡಿಸಬೇಕು. ಅದರ ಬಣ್ಣವನ್ನು ತಮ್ಮ ಅಂಗೈಗೂ ಬೇರೆ ಮಕ್ಕಳ ಅಂಗೈಗೂ ಹೋಲಿಸಿ ನೋಡಬೇಕು. ಬೆರಳುಗಳನ್ನು ಹಿಂದಕ್ಕೆ ಎಳೆಯಬಾರದು. ಎಳೆದರೆ ರಕ್ತ ಬರುವುದು ತಡೆದು, ಆರೋಗ್ಯವಾಗಿರುವ ಮಗುವಿನ ಅಂಗೈಯೂ ಸುಮ್ನೆ ಬೆಳ್ಳಗೆ ಕಾಣುತ್ತದೆ.